ಕೈಗೆ ಕೊಟ್ಟದ್ದು ಊರಿಗೆ ತಲುಪಿತೇ? ಸಿ++ ಪ್ರೋಗ್ರಾಮು ಮತ್ತು ಕ್ಲೌಡ್ ಸಂದೇಶ

ಕ್ಲೌಡ್ ಪಬ್/ಸಬ್ ಎಂಬುದು ಗೂಗಲ್ ನಡೆಸುವ ಸಂದೇಶ ಸೇವೆ. 2015ರಲ್ಲಿ ಸಾರ್ವಜನಿಕ ಬಳಕೆಗೆ ಬಂತು. ಇದರ ಕೆಲಸ ಹೇಳಲು ಸರಳ: ಒಂದು ಪ್ರೋಗ್ರಾಮು ತನ್ನ ಸಂದೇಶವನ್ನು ಈ ಸೇವೆಯ ಕೈಗೆ ಕೊಟ್ಟು ಮುಂದಿನ ಕೆಲಸಕ್ಕೆ ಹೋಗುತ್ತದೆ; ಇನ್ನೊಂದು ಪ್ರೋಗ್ರಾಮು ತನಗೆ ಅನುವಾದಾಗ ಅದನ್ನು ಪಡೆಯುತ್ತದೆ. ಇಬ್ಬರೂ ಒಂದೇ ಹೊತ್ತಿನಲ್ಲಿ ಎಚ್ಚರವಾಗಿರಬೇಕಿಲ್ಲ, ಒಬ್ಬರ ವಿಳಾಸ ಇನ್ನೊಬ್ಬರಿಗೆ ಗೊತ್ತಿರಬೇಕಿಲ್ಲ. ಅಸಿಂಕ್ರನಸ್ ಎಂಬ ಮಾತಿನ ಹುರುಳು ಇಷ್ಟೇ. ಫೋನಿನಲ್ಲಿ ಮಾತಾಡಲು ಎರಡೂ ತುದಿಯಲ್ಲಿ ಜನ ಬೇಕು. ಅಂಚೆಗೆ ಹಾಕಿದ ಕಾಗದಕ್ಕೆ ಹಾಗಿಲ್ಲ.

ಕಳುಹಿಸುವವನು ಸಂದೇಶವನ್ನು ಹಾಕುವ ಜಾಗಕ್ಕೆ ಟಾಪಿಕ್ ಎಂದು ಹೆಸರು. ಪಡೆಯುವವನು ಆ ಟಾಪಿಕ್‌ಗೆ ಒಂದು ಸಬ್‌ಸ್ಕ್ರಿಪ್ಶನ್ ಮಾಡಿಸಿಕೊಳ್ಳುತ್ತಾನೆ. ಒಂದೇ ಟಾಪಿಕ್‌ಗೆ ನಾಲ್ಕು ಸಬ್‌ಸ್ಕ್ರಿಪ್ಶನ್‌ಗಳಿದ್ದರೆ ಪ್ರತಿ ಸಂದೇಶದ ಒಂದೊಂದು ನಕಲು ನಾಲ್ಕಕ್ಕೂ ಹೋಗುತ್ತದೆ. ಒಂದೇ ಸಬ್‌ಸ್ಕ್ರಿಪ್ಶನ್‌ನಿಂದ ನಾಲ್ಕು ಪ್ರೋಗ್ರಾಮುಗಳು ಎಳೆದುಕೊಳ್ಳುತ್ತಿದ್ದರೆ ಸಂದೇಶಗಳು ಆ ನಾಲ್ವರಲ್ಲಿ ಹಂಚಿಹೋಗುತ್ತವೆ. ಈ ಎರಡನ್ನು ಅದಲುಬದಲು ಮಾಡಿಕೊಂಡವರು ಕಡಿಮೆಯಿಲ್ಲ. ಸಬ್‌ಸ್ಕ್ರಿಪ್ಶನ್ ಹುಟ್ಟುವ ಮೊದಲೇ ಟಾಪಿಕ್‌ಗೆ ಬಂದ ಸಂದೇಶ ಸಾಮಾನ್ಯವಾಗಿ ಅದಕ್ಕೆ ಸಿಗುವುದಿಲ್ಲ ಎಂಬುದನ್ನೂ ಮೊದಲೇ ತಿಳಿದಿರಬೇಕು. ಒಂದು ಸಂದೇಶ ಹೆಚ್ಚೆಂದರೆ 10 ಎಂಬಿ ಇರಬಹುದು. ಪಡೆಯುವವನಿಂದ ಸ್ವೀಕೃತಿ ಸಿಗದ ಸಂದೇಶವನ್ನು ಸೇವೆ ಬೇರೇನೂ ಹೇಳದಿದ್ದರೆ 7 ದಿನ ಕಾಪಾಡುತ್ತದೆ.

ಈ ಸೇವೆಯೊಡನೆ ನೇರವಾಗಿ ಜಿಆರ್‌ಪಿಸಿ ಅಥವಾ ರೆಸ್ಟ್ ಎಂಬ ಜಾಲದ ಕರೆಯ ವಿಧಾನಗಳ ಮೂಲಕ ಮಾತಾಡಲು ಅಡ್ಡಿಯೇನೂ ಇಲ್ಲ. ಆದರೆ ಹಾಗೆ ಮಾಡಿದರೆ ಸಣ್ಣ ಸಂದೇಶಗಳನ್ನು ಒಟ್ಟುಗೂಡಿಸುವುದು, ಸಂಪರ್ಕ ಕಡಿದರೆ ಮತ್ತೆ ಜೋಡಿಸುವುದು, ವಿಫಲವಾದ ಕರೆಯನ್ನು ತುಸು ತಡೆದು ಮತ್ತೆ ಮಾಡುವುದು, ಸ್ವೀಕೃತಿಯ ಗಡುವನ್ನು ಮುಂದೂಡುತ್ತಿರುವುದು ಎಲ್ಲವನ್ನೂ ಪ್ರೋಗ್ರಾಮರ್ ಕೈಯಾರೆ ಬರೆಯಬೇಕು. ಇಷ್ಟನ್ನೂ ತಪ್ಪಿಲ್ಲದೆ ಬರೆಯುವುದು ತಿಂಗಳುಗಳ ಕೆಲಸ. ಅದನ್ನು ಒಮ್ಮೆ ಸರಿಯಾಗಿ ಮಾಡಿ ಎಲ್ಲರಿಗೂ ಕೊಡುವುದೇ ಕ್ಲೈಂಟ್ ಲೈಬ್ರರಿ. ಸಿ++ ಭಾಷೆಗೆ ಗೂಗಲ್ ಸ್ವತಃ ಒಂದನ್ನು ಅಪಾಚೆ 2.0 ಪರವಾನಗಿಯಲ್ಲಿ ಮುಕ್ತವಾಗಿ ಕೊಟ್ಟಿದೆ. ಗೋ, ಜಾವಾ, ಪೈಥಾನ್‌ಗಳಿಗೂ ಇಂಥವಿವೆ. ಕಂಪೈಲ್ ಮಾಡಿ ಓಡಿಸುವ ಭಾಷೆಯಲ್ಲಿ, ಅದರಲ್ಲೂ ಮೆಮೊರಿಯ ಹೊಣೆ ಪ್ರೋಗ್ರಾಮರ್ ಮೇಲೆಯೇ ಇರುವ ಸಿ++ನಲ್ಲಿ, ಇದನ್ನು ಬಳಸುವುದರ ಸೂಕ್ಷ್ಮಗಳೇ ಬೇರೆ.

ಮೊದಲ ತೊಡಕು ಲೈಬ್ರರಿಯನ್ನು ಮನೆಗೆ ತರುವುದರಲ್ಲೇ ಇದೆ. ಪೈಥಾನ್‌ನಲ್ಲಿ ಒಂದು ಸಾಲಿನ ಆದೇಶದಿಂದ ಮುಗಿಯುವ ಕೆಲಸ ಇಲ್ಲಿ ಅಷ್ಟಕ್ಕೆ ಮುಗಿಯುವುದಿಲ್ಲ. ಪಬ್/ಸಬ್ ಲೈಬ್ರರಿ ನಿಂತಿರುವುದು ಜಿಆರ್‌ಪಿಸಿ, ಪ್ರೋಟೋಬಫ್, ಆಬ್ಸೀಲ್ ಎಂಬ ಇನ್ನಷ್ಟು ದೊಡ್ಡ ಲೈಬ್ರರಿಗಳ ಮೇಲೆ. ಇವೆಲ್ಲವೂ ಒಂದಕ್ಕೊಂದು ಹೊಂದುವ ಆವೃತ್ತಿಗಳಾಗಿರಬೇಕು, ಒಂದೇ ಕಂಪೈಲರ್‌ನಲ್ಲಿ, ಸಿ++ ಭಾಷೆಯ ಒಂದೇ ಪ್ರಮಾಣಕ್ಕೆ ಕಂಪೈಲ್ ಆಗಿರಬೇಕು. ಒಂದು ಸಿ++14ಕ್ಕೆ, ಇನ್ನೊಂದು ಸಿ++17ಕ್ಕೆ ತಯಾರಾದರೆ ಲಿಂಕ್ ಮಾಡುವಾಗ ಅರ್ಥವಾಗದ ದೋಷಗಳ ರಾಶಿ ಬೀಳಬಹುದು. ದೋಷವೇ ಬೀಳದೆ ಓಡುವಾಗ ಕುಸಿಯುವುದು ಅದಕ್ಕಿಂತ ಕೆಟ್ಟದ್ದು. ವಿಸಿಪಿಕೆಜಿ ಎಂಬ ಪ್ಯಾಕೇಜ್ ವ್ಯವಸ್ಥೆಯ ಮೂಲಕ ಎಲ್ಲವನ್ನೂ ಒಟ್ಟಿಗೆ ಕಂಪೈಲ್ ಮಾಡಿಸಿ, ಬಿಲ್ಡ್ ಸೂಚನೆಗಳನ್ನು ಬರೆಯುವ ಸಿಮೇಕ್ ಕಡತದಲ್ಲಿ ಪಬ್/ಸಬ್ ಭಾಗವನ್ನಷ್ಟೇ ಜೋಡಿಸುವುದು ಹೊಸಬರಿಗೆ ಸುಗಮ ದಾರಿ. ಮೊದಲ ಸಲ ಇದು ಸಾಕಷ್ಟು ಹೊತ್ತು ತಿನ್ನುತ್ತದೆ. ಆದರೆ ಆವೃತ್ತಿಗಳನ್ನು ಕಡತದಲ್ಲಿ ಬರೆದು ಬಿಗಿಮಾಡಿಟ್ಟರೆ ಆ ಹೊತ್ತನ್ನು ಮತ್ತೆ ಮತ್ತೆ ತೆರಬೇಕಾಗುವುದಿಲ್ಲ.

ಕಂಪೈಲ್ ಆದ ಮೇಲೆ ಗುರುತಿನ ಪ್ರಶ್ನೆ. ಲೈಬ್ರರಿ ತಾನು ಓಡುತ್ತಿರುವ ಪರಿಸರದಿಂದಲೇ ಗುರುತಿನ ದಾಖಲೆಯನ್ನು ಹುಡುಕಿಕೊಳ್ಳುತ್ತದೆ: ಕ್ಲೌಡ್ ಯಂತ್ರದಲ್ಲಿದ್ದರೆ ಆ ಯಂತ್ರಕ್ಕೆ ಕೊಟ್ಟ ಸರ್ವಿಸ್ ಅಕೌಂಟ್, ಪ್ರೋಗ್ರಾಮರ್‌ನ ಸ್ವಂತ ಕಂಪ್ಯೂಟರ್‌ನಲ್ಲಿದ್ದರೆ ಆತ ಲಾಗಿನ್ ಆಗಿರುವ ಖಾತೆ. ಹಾಗಾಗಿ ಕೀಲಿ ಕಡತವನ್ನು ಕೋಡ್‌ನೊಳಗೆ ಬರೆಯುವ ಅಗತ್ಯವೇ ಇಲ್ಲ, ಬರೆಯಲೂಬಾರದು. ಕಂಪೈಲ್ ಆದ ಬೈನರಿಯೊಳಗೆ ಇಟ್ಟ ಗುಟ್ಟು ಗುಟ್ಟಾಗಿ ಉಳಿಯುವುದಿಲ್ಲ. ಅದರೊಳಗಿನ ಅಕ್ಷರಗಳನ್ನು ಹೊರತೆಗೆಯುವ ಸಾಧನ ಪ್ರತಿ ಲಿನಕ್ಸ್ ಬಳಕೆದಾರನ ಕೈಯಲ್ಲಿದೆ.

ಕಳುಹಿಸುವವನ ಕಡೆ ಎರಡು ವಸ್ತುಗಳಿವೆ: ಕನೆಕ್ಷನ್ ಮತ್ತು ಪಬ್ಲಿಷರ್. ಕನೆಕ್ಷನ್ ಕಟ್ಟುವುದು ದುಬಾರಿ; ಜಾಲದ ಸಂಪರ್ಕ, ಹಿನ್ನೆಲೆಯ ಥ್ರೆಡ್‌ಗಳು, ಒಟ್ಟುಗೂಡಿಸುವ ಬುಟ್ಟಿ ಎಲ್ಲ ಅದರೊಳಗಿವೆ. ಪಬ್ಲಿಷರ್ ಅದರ ಮೇಲಿನ ತೆಳುವಾದ ಹಿಡಿಕೆ. ಅದರ ನಕಲು ಮಾಡುವುದು ಅಗ್ಗ. ಹಲವು ಥ್ರೆಡ್‌ಗಳು ಸಂದೇಶ ಕಳುಹಿಸುವುದಿದ್ದರೆ ಪ್ರತಿ ಥ್ರೆಡ್‌ಗೂ ಪಬ್ಲಿಷರ್‌ನ ಒಂದೊಂದು ನಕಲು ಕೊಡಬೇಕು, ಒಂದೇ ವಸ್ತುವನ್ನು ಎಲ್ಲರೂ ಎಳೆದಾಡಬಾರದು. ಪ್ರತಿ ಸಂದೇಶಕ್ಕೂ ಹೊಸ ಕನೆಕ್ಷನ್ ಕಟ್ಟುವುದು ಪತ್ರವೊಂದಕ್ಕೆ ಅಂಚೆ ಕಚೇರಿಯೊಂದನ್ನು ಕಟ್ಟಿಸಿದಂತೆ.

ಇನ್ನು ಮುಖ್ಯವಾದ ಮಾತು. ಪಬ್ಲಿಷ್ ಎಂದು ಕರೆದ ಕೂಡಲೇ ಸಂದೇಶ ಹೊರಟುಹೋಗುವುದಿಲ್ಲ. ಲೈಬ್ರರಿ ಅದನ್ನು ಬುಟ್ಟಿಗೆ ಹಾಕಿಕೊಂಡು ಒಂದು ಫ್ಯೂಚರ್ ಅನ್ನು ಹಿಂದಿರುಗಿಸುತ್ತದೆ. ಫ್ಯೂಚರ್ ಎಂದರೆ ಉತ್ತರವಲ್ಲ, ಉತ್ತರ ಬರಲಿರುವ ಖಾಲಿ ಪೆಟ್ಟಿಗೆ. ಬುಟ್ಟಿಯಲ್ಲಿ 100 ಸಂದೇಶಗಳಾದಾಗ, ಅಥವಾ ಅವುಗಳ ಗಾತ್ರ ಸುಮಾರು 1 ಎಂಬಿ ಮುಟ್ಟಿದಾಗ, ಅಥವಾ 10 ಮಿಲಿಸೆಕೆಂಡು ಕಳೆದಾಗ, ಈ ಮೂರರಲ್ಲಿ ಯಾವುದು ಮೊದಲೋ ಆಗ ಬುಟ್ಟಿ ಹೊರಡುತ್ತದೆ. ಈ ಅಂಕಿಗಳು ಲೈಬ್ರರಿ ಇಟ್ಟುಕೊಂಡಿರುವ ಮೂಲ ಮಿತಿಗಳು, ಬೇಕಾದಂತೆ ಬದಲಿಸಬಹುದು. ಒಟ್ಟುಗೂಡಿಸುವುದರಿಂದ ವೇಗ ಮಾತ್ರವಲ್ಲ, ಹಣವೂ ಉಳಿಯುತ್ತದೆ: ಪಬ್/ಸಬ್ ಪ್ರತಿ ವಿನಂತಿಗೂ ಕನಿಷ್ಠ 1,000 ಬೈಟ್‌ಗಳ ಲೆಕ್ಕ ಹಿಡಿಯುತ್ತದೆ. 50 ಬೈಟ್‌ನ ಸಂದೇಶಗಳನ್ನು ಒಂದೊಂದಾಗಿ ಕಳುಹಿಸಿದರೆ ಇಪ್ಪತ್ತು ಪಟ್ಟು ಲೆಕ್ಕ ಬೀಳುತ್ತದೆ.

ಹಿಂದಿರುಗಿದ ಫ್ಯೂಚರ್ ಅನ್ನು ಕೈಬಿಡುವುದೇ ಈ ಲೈಬ್ರರಿಯ ಬಳಕೆಯಲ್ಲಿ ನಡೆಯುವ ಅತಿ ದೊಡ್ಡ ತಪ್ಪು. ಸಣ್ಣ ಪ್ರೋಗ್ರಾಮೊಂದು ಹತ್ತು ಸಂದೇಶಗಳಿಗೆ ಪಬ್ಲಿಷ್ ಕರೆದು ಮೇನ್ ಫಂಕ್ಷನ್‌ನಿಂದ ಹೊರಬಿದ್ದರೆ, ಬುಟ್ಟಿ ಹೊರಡುವ ಮೊದಲೇ ಪ್ರೋಗ್ರಾಮು ಮುಗಿದುಹೋಗಬಹುದು. ದೋಷದ ಸಾಲು ಕಾಣುವುದಿಲ್ಲ, ಕುಸಿತವೂ ಇಲ್ಲ. ಸಂದೇಶ ಮಾತ್ರ ಇಲ್ಲ. ಪ್ರತಿ ಫ್ಯೂಚರ್ ಅನ್ನೂ ಉಳಿಸಿಕೊಂಡು ಕೊನೆಯಲ್ಲಿ ಒಂದೊಂದರ ಉತ್ತರವನ್ನೂ ಕಾದು ಪಡೆಯುವುದು ಇದಕ್ಕೆ ಮದ್ದು. ಹಾಗೆಂದು ಒಂದು ಪಬ್ಲಿಷ್ ಕರೆದು, ಅಲ್ಲೇ ಉತ್ತರಕ್ಕೆ ಕಾದು, ನಂತರ ಇನ್ನೊಂದನ್ನು ಕರೆಯುವುದೂ ಸಲ್ಲ. ಆಗ ಬುಟ್ಟಿಯಲ್ಲಿ ಸದಾ ಒಂದೇ ಸಂದೇಶ ಕುಳಿತಿರುತ್ತದೆ, ಪ್ರತಿಯೊಂದೂ 10 ಮಿಲಿಸೆಕೆಂಡಿನ ಕಾಯುವಿಕೆಯನ್ನು ಹೊತ್ತು ಹೋಗುತ್ತದೆ, ಅಸಿಂಕ್ರನಸ್ ಲೈಬ್ರರಿಯ ಲಾಭ ಪೂರ್ತಿ ಸೋರಿಹೋಗುತ್ತದೆ. ಮೊದಲು ಎಲ್ಲವನ್ನೂ ಕೊಡುವುದು, ಆಮೇಲೆ ಎಲ್ಲದರ ರಸೀದಿ ಪಡೆಯುವುದು, ಇದೇ ಸರಿಯಾದ ಕ್ರಮ.

ಆ ರಸೀದಿಯೂ ವಿಶಿಷ್ಟ. ಈ ಲೈಬ್ರರಿ ಕರೆಯ ವೈಫಲ್ಯಗಳನ್ನು ಎಕ್ಸೆಪ್ಶನ್ ಎಸೆದು ತಿಳಿಸುವುದಿಲ್ಲ. ಸ್ಟೇಟಸ್‌ಆರ್ ಎಂಬ ಮಾದರಿಯ ಮೌಲ್ಯ ಕೊಡುತ್ತದೆ. ಅದರಲ್ಲಿ ಸೇವೆ ಕೊಟ್ಟ ಸಂದೇಶ ಸಂಖ್ಯೆ ಇರಬಹುದು, ಇಲ್ಲವೇ ಏನು ಕೆಟ್ಟಿತೆಂಬ ವಿವರ ಇರಬಹುದು. ಒಳಗಿರುವುದು ಯಾವುದು ಎಂದು ನೋಡಿಯೇ ಮುಂದುವರಿಯಬೇಕು. ತಾತ್ಕಾಲಿಕ ತೊಂದರೆಗಳಿಗೆ ಲೈಬ್ರರಿ ತಾನೇ ಮತ್ತೆ ಮತ್ತೆ ಯತ್ನಿಸಿರುತ್ತದೆ. ಆದ್ದರಿಂದ ಪ್ರೋಗ್ರಾಮರ್‌ನ ಕೈಗೆ ಬಂದ ದೋಷವೆಂದರೆ ಮರುಯತ್ನಗಳಿಗೂ ಬಗ್ಗದ ದೋಷ. ಅನುಮತಿ ಇಲ್ಲದಿರುವುದು, ಟಾಪಿಕ್‌ನ ಹೆಸರು ತಪ್ಪಿರುವುದು ಇಂಥವೇ ಹೆಚ್ಚು. ಅದನ್ನು ಲಾಗ್‌ಗೆ ಬರೆದು ಮರೆತುಬಿಡುವುದು ಸಾಲದು; ಸಂದೇಶ ಮುಖ್ಯವಾಗಿದ್ದರೆ ಅದನ್ನು ಎಲ್ಲಾದರೂ ಉಳಿಸಿಡಬೇಕು.

2011ರಲ್ಲಿ ಸಿ++ ಭಾಷೆಗೆ ಸೇರಿದ ಪ್ರಮಾಣಿತ ಫ್ಯೂಚರ್‌ನಲ್ಲಿ ಒಂದು ಕೊರತೆಯಿದೆ: ಉತ್ತರ ಬಂದಾಗ ಇಂಥ ಕೆಲಸ ಮಾಡು ಎಂದು ಮೊದಲೇ ಹೇಳಿಡಲು ಅದರಲ್ಲಿ ದಾರಿಯಿಲ್ಲ, ಕೂತು ಕಾಯಲೇಬೇಕು. ಆದ್ದರಿಂದ ಗೂಗಲ್ ಲೈಬ್ರರಿ ತನ್ನದೇ ಫ್ಯೂಚರ್ ಅನ್ನು ಇಟ್ಟುಕೊಂಡಿದೆ. ಅದಕ್ಕೆ ದೆನ್ ಎಂಬ ಫಂಕ್ಷನ್ ಮೂಲಕ ಮುಂದಿನ ಕೆಲಸವನ್ನು ಅಂಟಿಸಬಹುದು. ಹಾಗೆ ಅಂಟಿಸಿದ ಕೆಲಸ ಸಾಮಾನ್ಯವಾಗಿ ಲೈಬ್ರರಿಯ ಹಿನ್ನೆಲೆ ಥ್ರೆಡ್‌ನಲ್ಲಿ ಓಡುತ್ತದೆ. ಆ ಥ್ರೆಡ್‌ಗಳು ಬೆರಳೆಣಿಕೆಯಷ್ಟು. ಅಲ್ಲಿ ಡೇಟಾಬೇಸ್‌ಗೆ ಬರೆಯುತ್ತಲೋ ಇನ್ನೊಂದು ಫ್ಯೂಚರ್‌ಗೆ ಕಾಯುತ್ತಲೋ ಕುಳಿತರೆ ಬರಬೇಕಾದ ಉತ್ತರಗಳೆಲ್ಲ ಅದರ ಹಿಂದೆ ಸಾಲುಗಟ್ಟುತ್ತವೆ. ಕೆಲವೊಮ್ಮೆ ಎಲ್ಲವೂ ಒಂದಕ್ಕೊಂದು ಕಾಯುತ್ತ ನಿಂತೇಬಿಡುತ್ತವೆ.

ಕಳುಹಿಸುವವನ ವೇಗ ಜಾಲದ ವೇಗವನ್ನು ಮೀರಿದರೆ ಬುಟ್ಟಿಗಳು ಮೆಮೊರಿಯಲ್ಲಿ ಬೆಳೆಯುತ್ತಲೇ ಹೋಗುತ್ತವೆ. ಬಾಕಿ ಇರುವ ಸಂದೇಶಗಳ ಸಂಖ್ಯೆಗೆ, ಬೈಟ್‌ಗಳಿಗೆ ಮಿತಿ ಹಾಕಲು ಲೈಬ್ರರಿಯಲ್ಲಿ ಅವಕಾಶವಿದೆ. ಮಿತಿ ಮುಟ್ಟಿದಾಗ ಕರೆದವನನ್ನು ತಡೆದು ನಿಲ್ಲಿಸಬೇಕೋ ಹೊಸ ಸಂದೇಶವನ್ನು ನಿರಾಕರಿಸಬೇಕೋ ಎಂದೂ ಹೇಳಬಹುದು. ಸತತವಾಗಿ ದುಡಿಯುವ ಸರ್ವರ್‌ನಲ್ಲಿ ಈ ಮಿತಿಯನ್ನು ಹಾಕದೆ ಬಿಡುವುದು ಕಟ್ಟೆಯಿಲ್ಲದ ಕೆರೆಗೆ ನೀರು ತುಂಬಿದಂತೆ.

ಪಡೆಯುವವನ ಕಡೆಯ ಕಥೆ ಇನ್ನೂ ಸ್ವಾರಸ್ಯದ್ದು. ಇಲ್ಲಿ ಲೈಬ್ರರಿ ಸೇವೆಯೊಡನೆ ಎರಡೂ ದಿಕ್ಕಿಗೆ ಹರಿಯುವ ಒಂದು ಜಿಆರ್‌ಪಿಸಿ ಹೊಳೆಯನ್ನು ತೆರೆದಿಟ್ಟುಕೊಳ್ಳುತ್ತದೆ. ಸೇವೆ ಆಗಾಗ ಅದನ್ನು ಮುಚ್ಚುವುದು ಸಹಜ. ಲೈಬ್ರರಿ ಸದ್ದಿಲ್ಲದೆ ಮತ್ತೆ ತೆರೆಯುತ್ತದೆ. ಸಂದೇಶ ಬಂದಾಗಲೆಲ್ಲ ಪ್ರೋಗ್ರಾಮರ್ ಕೊಟ್ಟ ಕಾಲ್‌ಬ್ಯಾಕ್ ಫಂಕ್ಷನ್ ಅನ್ನು ಕರೆದು, ಸಂದೇಶವನ್ನೂ ಜೊತೆಗೊಂದು ಆಕ್ ಹ್ಯಾಂಡ್ಲರ್ ಅನ್ನೂ ಕೈಗಿಡುತ್ತದೆ. ಕೆಲಸ ಮುಗಿಯಿತೆಂದರೆ ಆಕ್, ಅಂದರೆ ಸ್ವೀಕೃತಿ; ಆಗಲಿಲ್ಲವೆಂದರೆ ನ್ಯಾಕ್. ಹಲವು ಸಂದೇಶಗಳು ಬಂದಾಗ ಕಾಲ್‌ಬ್ಯಾಕ್ ಹಲವು ಥ್ರೆಡ್‌ಗಳಲ್ಲಿ ಒಟ್ಟೊಟ್ಟಿಗೆ ಓಡಬಹುದು. ಅದು ಮುಟ್ಟುವ ಹಂಚಿಕೆಯ ಮಾಹಿತಿಗೆಲ್ಲ ಬೀಗ ಬೇಕು.

ಕಂಪೈಲ್ ಮಾಡುವ ಭಾಷೆಯ ಲಾಭ ಇಲ್ಲಿ ಕಣ್ಣಿಗೆ ಕಾಣುತ್ತದೆ. ಆಕ್ ಹ್ಯಾಂಡ್ಲರ್ ಅನ್ನು ನಕಲು ಮಾಡಲು ಬರುವುದಿಲ್ಲ, ಒಬ್ಬರಿಂದ ಇನ್ನೊಬ್ಬರಿಗೆ ದಾಟಿಸಲು ಮಾತ್ರ ಸಾಧ್ಯ. ಆಕ್ ಕರೆಯುವಾಗಲೂ ಅದನ್ನು ಮೂವ್ ಮಾಡಿಯೇ ಕರೆಯಬೇಕು. ಅಂದರೆ ರಸೀದಿಗೆ ಸಹಿ ಹಾಕಿದ ಮೇಲೆ ಲೇಖನಿ ಕೈಯಲ್ಲಿ ಉಳಿಯುವುದಿಲ್ಲ ಎಂಬ ಕರಾರನ್ನು ಭಾಷೆಯ ವ್ಯಾಕರಣದಲ್ಲೇ ಬರೆದಿಟ್ಟಿದ್ದಾರೆ. ಆಕ್ ಅನ್ನೂ ನ್ಯಾಕ್ ಅನ್ನೂ ಕರೆಯದೆ ಹ್ಯಾಂಡ್ಲರ್ ನಾಶವಾದರೆ ಅದರ ಡಿಸ್ಟ್ರಕ್ಟರ್ ತಾನಾಗಿ ನ್ಯಾಕ್ ಹೇಳುತ್ತದೆ. ಮರೆವಿನಿಂದ ಸಂದೇಶ ಕಳೆಯಬಾರದು, ಮರಳಿ ಬಂದರೂ ಪರವಾಗಿಲ್ಲ ಎಂಬ ನಿಲುವು ಇದರ ಹಿಂದಿದೆ. ಒಳ್ಳೆಯ ವಿನ್ಯಾಸಕ್ಕೆ ಇದೊಂದು ಮಾದರಿ.

ಇದೇ ಭಾಷೆಯ ಅಪಾಯವೂ ಇಲ್ಲೇ ಅಡಗಿದೆ. ಕಾಲ್‌ಬ್ಯಾಕ್ ಅನ್ನು ಸಾಮಾನ್ಯವಾಗಿ ಲ್ಯಾಂಬ್ಡಾ ಆಗಿ ಬರೆಯುತ್ತಾರೆ. ಸುತ್ತಲಿನ ಚರಗಳನ್ನು ಅದು ರೆಫರೆನ್ಸ್ ಮೂಲಕ ಹಿಡಿದುಕೊಂಡಿದ್ದರೆ, ಆ ಚರಗಳಿದ್ದ ಫಂಕ್ಷನ್ ಮುಗಿದ ಮೇಲೂ ಹಿನ್ನೆಲೆ ಥ್ರೆಡ್ ಕಾಲ್‌ಬ್ಯಾಕ್ ಅನ್ನು ಕರೆಯಬಹುದು. ಆಗ ಅದು ಮುಟ್ಟುವುದು ಈಗಾಗಲೇ ಬೇರೆಯದಕ್ಕೆ ಬಿಟ್ಟುಕೊಟ್ಟ ಮೆಮೊರಿಯನ್ನು. ಗೋ, ಜಾವಾಗಳಲ್ಲಿ ಕಸ ಗುಡಿಸುವ ವ್ಯವಸ್ಥೆ ಹಿಡಿದುಕೊಂಡ ಚರವನ್ನು ಜೀವಂತ ಇಡುತ್ತದೆ. ರಸ್ಟ್‌ನಲ್ಲಿ ಇಂಥ ಕೋಡ್ ಕಂಪೈಲ್ ಆಗುವುದೇ ಇಲ್ಲ. ಸಿ++ ಕಂಪೈಲರ್ ಮಾತ್ರ ಮೌನವಾಗಿ ಒಪ್ಪಿಕೊಳ್ಳುತ್ತದೆ. ಪರೀಕ್ಷೆಯಲ್ಲಿ ಸರಿಯಾಗಿ ಓಡಿ, ಒತ್ತಡ ಬಿದ್ದ ದಿನ ಮುರಿದುಬೀಳುವ ಜಾತಿಯ ದೋಷವಿದು. ಅಸಿಂಕ್ರನಸ್ ಕೆಲಸಕ್ಕೆ ಒಪ್ಪಿಸುವ ಲ್ಯಾಂಬ್ಡಾಗೆ ಬೇಕಾದ್ದನ್ನು ಮೌಲ್ಯವಾಗಿ ಅಥವಾ ಶೇರ್ಡ್ ಪಾಯಿಂಟರ್ ಮೂಲಕ ಕೊಡುವುದನ್ನು ನಿಯಮವಾಗಿಯೇ ಪಾಲಿಸಬೇಕು. ಪರೀಕ್ಷೆಯ ಬಿಲ್ಡ್‌ಗಳನ್ನು ಮೆಮೊರಿಯ ತಪ್ಪು ಹಿಡಿಯುವ ಅಡ್ರೆಸ್ ಸ್ಯಾನಿಟೈಸರ್ ಮತ್ತು ಥ್ರೆಡ್‌ಗಳ ತಿಕ್ಕಾಟ ಹಿಡಿಯುವ ಥ್ರೆಡ್ ಸ್ಯಾನಿಟೈಸರ್ ಎರಡರಲ್ಲೂ ಬೇರೆ ಬೇರೆಯಾಗಿ ಓಡಿಸಬೇಕು.

ಆಕ್ ಯಾವಾಗ ಹೇಳಬೇಕು? ಕೆಲಸ ಪೂರ್ತಿ ಮುಗಿದು, ಫಲಿತಾಂಶ ಡೇಟಾಬೇಸ್‌ನಲ್ಲಿ ಕುಳಿತ ಮೇಲೆ. ಸಂದೇಶ ಕೈಗೆ ಬಂದ ಕೂಡಲೇ ಆಕ್ ಹೇಳಿ ಕೆಲಸ ಶುರುಮಾಡಿದರೆ, ನಡುವೆ ಪ್ರೋಗ್ರಾಮು ಸತ್ತಾಗ ಆ ಸಂದೇಶ ಯಾರ ಬಳಿಯೂ ಇರುವುದಿಲ್ಲ. ಸೇವೆ ಆಕ್‌ಗಾಗಿ ಕಾಯುವ ಗಡುವು ಮೂಲತಃ 10 ಸೆಕೆಂಡು. 600 ಸೆಕೆಂಡಿನವರೆಗೆ ಹಿಗ್ಗಿಸಬಹುದು. ಕೆಲಸ ಅದಕ್ಕಿಂತ ಹೆಚ್ಚು ಹೊತ್ತು ಹಿಡಿದರೆ ಲೈಬ್ರರಿ ಹಿನ್ನೆಲೆಯಲ್ಲಿ ಗಡುವನ್ನು ಮುಂದೂಡುತ್ತಿರುತ್ತದೆ, ಅದಕ್ಕೂ ಒಂದು ಮೇಲ್ಮಿತಿಯಿದೆ. ಒಂದೇ ಸಲಕ್ಕೆ ಎಷ್ಟು ಸಂದೇಶಗಳನ್ನು ಕೈಯಲ್ಲಿ ಹಿಡಿದಿರಬಹುದು ಎಂಬುದಕ್ಕೂ ಮಿತಿಯುಂಟು. ಮೂಲ ಮಿತಿ 1,000. ಪ್ರತಿ ಸಂದೇಶಕ್ಕೂ ಭಾರಿ ಕೆಲಸವಿದ್ದರೆ ಇದನ್ನು ಇಳಿಸಬೇಕು. ಇಲ್ಲವಾದರೆ ಒಂದು ಪ್ರೋಗ್ರಾಮು ಸಾವಿರವನ್ನು ಬಾಚಿಟ್ಟುಕೊಂಡು ಹೆಣಗಾಡುವಾಗ ಪಕ್ಕದ್ದು ಕೈಕಟ್ಟಿ ಕೂತಿರುತ್ತದೆ.

ಪಬ್/ಸಬ್‌ನ ಮೂಲ ಭರವಸೆ ಕನಿಷ್ಠ ಒಮ್ಮೆ ತಲುಪಿಸುವುದು. ಎರಡು ಸಲ ತಲುಪಿದರೂ ಅದು ಮಾತು ತಪ್ಪಿದಂತಲ್ಲ. ವಿದ್ಯುತ್ ಮೀಟರ್‌ಗಳ ಓದನ್ನು ಸಂಗ್ರಹಿಸುವ ಒಂದು ಸಿ++ ಪ್ರೋಗ್ರಾಮನ್ನು ಊಹಿಸಿಕೊಳ್ಳಬಹುದು. ಪ್ರತಿ ಸಂದೇಶವೂ ‘ಈ ಆರ್‌ಆರ್ ಸಂಖ್ಯೆಗೆ 3 ಯೂನಿಟ್ ಸೇರಿಸು’ ಎಂದಿದ್ದರೆ, ಅದು ಎರಡು ಬಾರಿ ಬಂದ ದಿನ ಗ್ರಾಹಕರ ಬಿಲ್ಲಿನಲ್ಲಿ 6 ಯೂನಿಟ್ ಬೀಳುತ್ತದೆ. ಅದರ ಬದಲು ‘ಈ ಆರ್‌ಆರ್ ಸಂಖ್ಯೆಯ ಮೀಟರ್ ಇಷ್ಟು ಹೊತ್ತಿಗೆ 8,421 ತೋರಿಸಿತು’ ಎಂದಿದ್ದರೆ, ಹತ್ತು ಸಲ ಬಂದರೂ ಲೆಕ್ಕ ಕೆಡುವುದಿಲ್ಲ. ಹಳೆಯ ಓದು ತಡವಾಗಿ ಬಂದರೂ ಸಮಯ ನೋಡಿ ಬದಿಗಿಡಬಹುದು. ಸಂದೇಶದ ಒಕ್ಕಣೆಯನ್ನು ಹೀಗೆ ರೂಪಿಸುವುದು ಯಾವ ಲೈಬ್ರರಿಯೂ ಮಾಡಿಕೊಡದ, ಪ್ರೋಗ್ರಾಮರ್‌ನೇ ಮಾಡಬೇಕಾದ ಕೆಲಸ.

ಸರಿಯಾಗಿ ಒಮ್ಮೆ ಮಾತ್ರ ತಲುಪಿಸುವ ಆಯ್ಕೆಯೂ ಇದೆ. ಅದನ್ನು ಸಬ್‌ಸ್ಕ್ರಿಪ್ಶನ್‌ನಲ್ಲಿ ಚಾಲೂ ಮಾಡಿದಾಗ ಬಳಸುವ ಬೇರೊಂದು ಆಕ್ ಹ್ಯಾಂಡ್ಲರ್ ಲೈಬ್ರರಿಯಲ್ಲಿದೆ. ಅದರ ಆಕ್ ಕರೆಯೂ ಫ್ಯೂಚರ್ ಹಿಂದಿರುಗಿಸುತ್ತದೆ, ಆಕ್ ನಿಜಕ್ಕೂ ದಾಖಲಾಯಿತೇ ಎಂದು ಅದರಿಂದ ತಿಳಿಯಬಹುದು. ಆದರೆ ಕಳುಹಿಸುವವನೇ ಎರಡು ಸಲ ಕಳುಹಿಸಿದ್ದನ್ನು ಇದು ತಡೆಯಲಾರದು. ಮೊದಲ ಯತ್ನ ಗೆದ್ದಿದ್ದರೂ ಅದರ ಉತ್ತರ ದಾರಿಯಲ್ಲಿ ಕಳೆದುಹೋದರೆ ಲೈಬ್ರರಿ ಮರುಯತ್ನ ಮಾಡುತ್ತದೆ, ಸೇವೆ ಅದಕ್ಕೆ ಹೊಸ ಸಂಖ್ಯೆ ಕೊಡುತ್ತದೆ. ಹೀಗಾಗಿ ಈ ಆಯ್ಕೆಯನ್ನು ನಂಬಿ ಸಂದೇಶದ ಒಕ್ಕಣೆಯಲ್ಲಿ ಸಡಿಲ ಬಿಡುವುದು ತಪ್ಪು.

ಕ್ರಮ ಮುಖ್ಯವಾದಾಗ ಆರ್ಡರಿಂಗ್ ಕೀ ಬಳಸುತ್ತಾರೆ. ಮೀಟರ್‌ನ ಉದಾಹರಣೆಯಲ್ಲಿ ಆರ್‌ಆರ್ ಸಂಖ್ಯೆಯೇ ಕೀಲಿಯಾಗಬಹುದು: ಒಂದೇ ಮೀಟರ್‌ನ ಓದುಗಳು ಸಾಲಾಗಿ ಬರುತ್ತವೆ, ಬೇರೆ ಬೇರೆ ಮೀಟರ್‌ಗಳದ್ದು ಹೇಗಾದರೂ ಬರಬಹುದು. ಇದಕ್ಕೆ ಪಬ್ಲಿಷರ್‌ನಲ್ಲೂ ಸಬ್‌ಸ್ಕ್ರಿಪ್ಶನ್‌ನಲ್ಲೂ ಕ್ರಮಪಾಲನೆಯನ್ನು ಚಾಲೂ ಮಾಡಿರಬೇಕು. ಸಬ್‌ಸ್ಕ್ರಿಪ್ಶನ್ ಸೃಷ್ಟಿಯಾದ ಮೇಲೆ ಅದರಲ್ಲಿ ಈ ಆಯ್ಕೆಯನ್ನು ಬದಲಿಸಲು ಬರುವುದಿಲ್ಲ. ಒಂದು ಕೀಲಿಯ ಸಂದೇಶ ವಿಫಲವಾದರೆ ಲೈಬ್ರರಿ ಆ ಕೀಲಿಯ ಮುಂದಿನವನ್ನೆಲ್ಲ ನಿರಾಕರಿಸುತ್ತದೆ. ಪ್ರೋಗ್ರಾಮರ್ ರೆಸ್ಯೂಮ್ ಪಬ್ಲಿಷ್ ಕರೆಯುವವರೆಗೆ ಆ ಕೀಲಿಯ ಸಂದೇಶಗಳು ಹೋಗುವುದಿಲ್ಲ. ಒಂದು ಕೀಲಿಗೆ ಸೆಕೆಂಡಿಗೆ 1 ಎಂಬಿಯ ಮಿತಿಯೂ ಇದೆ. ಎಲ್ಲ ಸಂದೇಶಗಳಿಗೂ ಒಂದೇ ಕೀಲಿ ಕೊಡುವುದು ನಾಲ್ಕು ಸಾಲಿನ ರಸ್ತೆಯನ್ನು ಓಣಿ ಮಾಡಿದಂತೆ.

ಎಷ್ಟು ಸಲ ಕೊಟ್ಟರೂ ಕೆಲಸಕ್ಕೆ ಬಾರದ ಸಂದೇಶವೂ ಇರುತ್ತದೆ. ರಚನೆಯೇ ಕೆಟ್ಟಿದ್ದರೆ ಅದು ನ್ಯಾಕ್ ಆಗಿ ಮರಳಿ ಬರುತ್ತಲೇ ಇರುತ್ತದೆ. ಅಂಥವನ್ನು 5ರಿಂದ 100ರೊಳಗೆ ಆಯ್ದ ಯತ್ನಗಳ ನಂತರ ಡೆಡ್ ಲೆಟರ್ ಟಾಪಿಕ್ ಎಂಬ ಬೇರೆ ಪೆಟ್ಟಿಗೆಗೆ ಸಾಗಿಸುವಂತೆ ಸಬ್‌ಸ್ಕ್ರಿಪ್ಶನ್‌ನಲ್ಲಿ ಹೇಳಿಡಬಹುದು. ಆ ಪೆಟ್ಟಿಗೆಯನ್ನು ಯಾರಾದರೂ ತೆರೆದು ನೋಡುತ್ತಿರಬೇಕು.

ಪರೀಕ್ಷೆಗೆ ನಿಜವಾದ ಕ್ಲೌಡ್ ಬೇಕಿಲ್ಲ. ಸ್ವಂತ ಯಂತ್ರದಲ್ಲೇ ಓಡುವ ಪಬ್/ಸಬ್ ಎಮ್ಯುಲೇಟರ್ ಇದೆ. ಒಂದು ಎನ್ವಿರಾನ್‌ಮೆಂಟ್ ಚರದಲ್ಲಿ ಅದರ ವಿಳಾಸ ಕೊಟ್ಟರೆ ಅದೇ ಬೈನರಿ, ಮತ್ತೆ ಕಂಪೈಲ್ ಮಾಡದೆಯೇ, ಅದರೊಡನೆ ಮಾತಾಡುತ್ತದೆ. ಅನುಮತಿಗಳ ನಿಯಮಗಳನ್ನು ಅದು ಪರೀಕ್ಷಿಸುವುದಿಲ್ಲ ಎಂಬುದು ನೆನಪಿರಲಿ. ಇದಲ್ಲದೆ ಗೂಗಲ್ ಮಾಕ್ ಎಂಬ ಪರೀಕ್ಷಾ ಲೈಬ್ರರಿಯ ಜೊತೆ ಬಳಸುವ ಹುಸಿ ಕನೆಕ್ಷನ್‌ಗಳೂ ಲೈಬ್ರರಿಯೊಡನೆ ಬರುತ್ತವೆ. ಸೇವೆ ಕೈಕೊಟ್ಟಾಗ ಪ್ರೋಗ್ರಾಮು ಏನು ಮಾಡುತ್ತದೆಂದು ಅವುಗಳಿಂದ ಜಾಲದ ಹಂಗಿಲ್ಲದೆ ನೋಡಬಹುದು. ಗೆಲ್ಲುವ ಪರೀಕ್ಷೆಗಿಂತ ಸೋಲುವ ಪರೀಕ್ಷೆಯನ್ನು ಮೊದಲು ಬರೆಯುವುದು ಇಲ್ಲಿ ಹೆಚ್ಚು ಫಲ ಕೊಡುತ್ತದೆ.

ಕೊನೆಯ ಸಂಗತಿ ಪ್ರೋಗ್ರಾಮನ್ನು ನಿಲ್ಲಿಸುವ ಬಗೆ. ಸಬ್‌ಸ್ಕ್ರೈಬ್ ಕರೆಯೂ ಒಂದು ಫ್ಯೂಚರ್ ಕೊಡುತ್ತದೆ. ನಿಲ್ಲಿಸಬೇಕಾದಾಗ ಮೊದಲು ಅದಕ್ಕೆ ಕ್ಯಾನ್ಸಲ್ ಹೇಳಿ, ಅದು ಪೂರ್ಣಗೊಳ್ಳುವವರೆಗೆ ಕಾದು, ಬಾಕಿ ಇರುವ ಪಬ್ಲಿಷ್ ಫ್ಯೂಚರ್‌ಗಳ ಉತ್ತರವನ್ನೂ ಪಡೆದು, ಆಮೇಲೆ ಮೇನ್ ಫಂಕ್ಷನ್‌ನಿಂದ ಹೊರಬರಬೇಕು. ಈ ಲೈಬ್ರರಿಯನ್ನು ಈಗಾಗಲೇ ಬಳಸುತ್ತಿರುವವರು ತಮ್ಮ ಕೋಡ್ ತೆರೆದು, ಪಬ್ಲಿಷ್ ಕರೆದು ಅದು ಕೊಟ್ಟದ್ದನ್ನು ಯಾವ ಚರಕ್ಕೂ ಹಾಕದೆ ಬಿಟ್ಟ ಸಾಲುಗಳಿವೆಯೇ ಎಂದು ಇಂದೇ ಹುಡುಕಲಿ. ಕಳೆದುಹೋದ ಸಂದೇಶಗಳ ಜಾಡು ಸಿಗುವುದು ಆ ಸಾಲುಗಳಲ್ಲೇ.